ಹೊಸ ಕರ್ನಲ್, ಹಳೆಯ ಕಂಪೈಲರ್: ಕೊಡಗಿನ ಕಾಫಿ ಖರೀದಿ ಕಚೇರಿಯೊಂದರ ಪ್ರಕರಣ

ಹಿನ್ನೆಲೆ

ದಕ್ಷಿಣ ಕೊಡಗಿನ ಒಂದು ಸಣ್ಣ ಪಟ್ಟಣದ ಕಾಫಿ ಖರೀದಿ ಕಚೇರಿಯಲ್ಲಿ 2024ರ ರೊಬಸ್ಟಾ ಕೊಯ್ಲು ಮುಗಿಯುತ್ತಾ ಬಂದಿದ್ದಾಗ ನಡೆದ ಘಟನೆ ಇದು. ಕಚೇರಿಯ ಹೆಸರು, ಊರಿನ ಹೆಸರು, ಜನರ ಹೆಸರು ಇಲ್ಲಿ ಬರುವುದಿಲ್ಲ. ಗುರುತು ಹಿಡಿಯಲು ನೆರವಾಗುವ ಕೆಲವು ವಿವರಗಳನ್ನು ಬಿಟ್ಟಿದ್ದೇನೆ. ಕರ್ನಲ್ (ಲಿನಕ್ಸ್ ವ್ಯವಸ್ಥೆಯ ತಿರುಳು), ಕಂಪೈಲರ್ (ಮೂಲ ಸಂಕೇತವನ್ನು ಯಂತ್ರಕ್ಕೆ ತಿಳಿಯುವ ರೂಪಕ್ಕೆ ತಿರುಗಿಸುವ ತಂತ್ರಾಂಶ), ಮಾಡ್ಯೂಲ್ (ಕರ್ನಲ್‌ಗೆ ಸೇರಿಸುವ ತುಣುಕು) ಇವುಗಳಿಗೆ ಸಂಬಂಧಿಸಿದ ಸಂಗತಿಗಳನ್ನು ಇದ್ದಂತೆಯೇ ಇಟ್ಟಿದ್ದೇನೆ, ಏಕೆಂದರೆ ಇದೇ ತೊಂದರೆಗೆ ಸಿಕ್ಕಿದವರಿಗೆ ಬೇಕಾಗುವುದು ಅವೇ.

ಕಚೇರಿಯ ಕೆಲಸ ಸರಳ. ಸುತ್ತಲಿನ ಸಣ್ಣ ಬೆಳೆಗಾರರು ಕಣದಲ್ಲಿ ಒಣಗಿಸಿದ ಚೆರಿಯನ್ನು ಜೀಪಿನಲ್ಲಿ ತರುತ್ತಾರೆ. ತೂಕ ಮಾಡಿ, ತೇವಾಂಶ ನೋಡಿ, ಮಾದರಿ ತೆಗೆದು ಔಟ್‌ಟರ್ನ್ (ಒಣ ಚೆರಿಯಿಂದ ಸಿಗುವ ಕಾಫಿ ಬೀಜದ ಪ್ರಮಾಣ) ಲೆಕ್ಕ ಹಾಕಿ, 50 ಕಿಲೋ ಚೀಲಕ್ಕೆ ಇಷ್ಟೆಂದು ದರ ಕಟ್ಟಿ ಚೀಟಿ ಕೊಡಬೇಕು. ಆ ವರ್ಷ ರೊಬಸ್ಟಾ ಬೆಲೆ ಏರುತ್ತಲೇ ಇತ್ತು. ಬೆಳಿಗ್ಗೆಯ ದರ ಸಂಜೆಗೆ ಉಳಿಯುತ್ತದೆಂಬ ಭರವಸೆ ಇರಲಿಲ್ಲ. ಹಾಗಾಗಿ ಚೀಟಿಯ ಮೇಲಿನ ದಿನಾಂಕ, ದರ, ತೂಕ ಮೂರೂ ಬೆಳೆಗಾರನಿಗೆ ಬಹಳ ಮುಖ್ಯವಾಗಿದ್ದವು.

ಈ ಲೆಕ್ಕವನ್ನೆಲ್ಲ ಹಾಕುತ್ತಿದ್ದುದು ಬಹಳ ಹಿಂದೆ ಒಬ್ಬ ಪ್ರೋಗ್ರಾಮರ್ ಈ ಕಚೇರಿಗೆಂದೇ ಬರೆದುಕೊಟ್ಟ ತಂತ್ರಾಂಶ. ಅದು ವಿಂಡೋಸ್ 7ರಲ್ಲಿ ಮಾತ್ರ ನಡೆಯುತ್ತದೆ. ಅದರ ಮೂಲ ಸಂಕೇತ ಯಾರ ಬಳಿಯೂ ಇಲ್ಲ. ವಿಂಡೋಸ್ 7ಕ್ಕೆ ಭದ್ರತಾ ಪರಿಷ್ಕರಣೆಗಳು 2020ರ ಜನವರಿಯಲ್ಲಿ ನಿಂತುಹೋದವು. ಅಂಥ ವ್ಯವಸ್ಥೆಯನ್ನು ನೇರವಾಗಿ ಅಂತರ್ಜಾಲಕ್ಕೆ ಒಡ್ಡುವುದು ಸರಿಯಲ್ಲವೆಂದು ಯಜಮಾನರ ಸೋದರಳಿಯ, ಬೆಂಗಳೂರಿನಲ್ಲಿ ತಂತ್ರಾಂಶ ಕೆಲಸದಲ್ಲಿರುವ ಹುಡುಗ, ಒಂದು ಒಳ್ಳೆಯ ಏರ್ಪಾಡು ಮಾಡಿದ್ದ. ಕಂಪ್ಯೂಟರಿಗೆ ಲಿನಕ್ಸ್‌ನ ಒಂದು ರೂಪವಾದ ಉಬುಂಟು 22.04 ಹಾಕಿ, ಅದರೊಳಗೆ ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ನಡೆಸುವ ವರ್ಚುವಲ್‌ಬಾಕ್ಸ್ 7.0.6 ಇಟ್ಟು, ವಿಂಡೋಸ್ 7 ಅನ್ನು ಜಾಲ ಸಂಪರ್ಕವಿಲ್ಲದ ವರ್ಚುವಲ್ ಮೆಷಿನ್ ಆಗಿ ಕೂರಿಸಿದ್ದ. ತಕ್ಕಡಿಯೂ ಚೀಟಿ ಮುದ್ರಿಸುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರೂ ಯುಎಸ್‌ಬಿ ಮೂಲಕ ಆ ಮೆಷಿನ್‌ಗೆ ಸಿಗುತ್ತಿದ್ದವು. ಅಕೌಂಟೆಂಟ್ ಅಕ್ಕನಿಗೆ ಕೆಳಗೆ ಲಿನಕ್ಸ್ ಇದೆಯೆಂಬುದು ದಿನನಿತ್ಯ ನೆನಪಿಗೂ ಬರುತ್ತಿರಲಿಲ್ಲ. ಒಳ್ಳೆಯ ಏರ್ಪಾಡಿನ ಲಕ್ಷಣವೇ ಅದು.

ವರ್ಚುವಲ್‌ಬಾಕ್ಸ್‌ನ ಒಂದು ಭಾಗ ಸಾಮಾನ್ಯ ಕಾರ್ಯಕ್ರಮದಂತೆ ನಡೆಯುತ್ತದೆ. ಇನ್ನೊಂದು ಭಾಗ ಕರ್ನಲ್‌ನೊಳಗೇ ಕೂರಬೇಕು. ಪ್ರೊಸೆಸರಿನ ವರ್ಚುವಲೀಕರಣ ಸೌಲಭ್ಯವನ್ನು ಬಳಸಲು, ಸ್ಮೃತಿಯ ಪುಟಗಳನ್ನು ಹಿಡಿದಿಡಲು ಆ ಅಧಿಕಾರ ಬೇಕು. ವಿಬಾಕ್ಸ್‌ಡಿಆರ್‌ವಿ ಎಂಬ ಮಾಡ್ಯೂಲ್ ಅದೇ. ಇದು ಲಿನಕ್ಸ್ ಕರ್ನಲ್‌ನ ಮೂಲದೊಂದಿಗೆ ಬರುವುದಿಲ್ಲ. ಪ್ರತಿ ಹೊಸ ಕರ್ನಲ್‌ಗೂ ಆ ಕರ್ನಲ್‌ನ ಹೆಡರ್ ಕಡತಗಳನ್ನು (ಒಳಗಿನ ಕಾರ್ಯಗಳ ರೂಪ ಹೇಳುವ ಕಡತಗಳನ್ನು) ಇಟ್ಟುಕೊಂಡು ಅದೇ ಕಂಪ್ಯೂಟರಿನಲ್ಲಿ ಹೊಸದಾಗಿ ಕಂಪೈಲ್ ಆಗಬೇಕು. ಲಿನಕ್ಸ್ ತನ್ನ ಬಳಕೆದಾರ ಕಾರ್ಯಕ್ರಮಗಳಿಗೆ ಕೊಟ್ಟ ಮಾತನ್ನು ಎಷ್ಟೇ ವರ್ಷವಾದರೂ ಉಳಿಸಿಕೊಳ್ಳುತ್ತದೆ. ಆದರೆ ಕರ್ನಲ್‌ನ ಒಳಗಿನ ಕಾರ್ಯಗಳ ರೂಪ ಯಾವ ಆವೃತ್ತಿಯಲ್ಲಿ ಬೇಕಾದರೂ ಬದಲಾಗಬಹುದು. ಇದು ಅಜಾಗರೂಕತೆಯಲ್ಲ, ಕರ್ನಲ್ ಅಭಿವೃದ್ಧಿಪಡಿಸುವವರು ಬರೆದೇ ಇಟ್ಟಿರುವ ನೀತಿ. ಹೊರಗಿನಿಂದ ಬರುವ ಮಾಡ್ಯೂಲ್‌ಗಳು ಆ ಬದಲಾವಣೆಯ ಹಿಂದೆ ಓಡುತ್ತಲೇ ಇರಬೇಕು.

ಏನಾಯಿತು

ಒಂದು ರಾತ್ರಿ ಹೂಮಳೆ ಬಂತು. ಕಾಫಿ ಹೂವಿಗೆ ಅದು ಬೇಕೇಬೇಕು, ಕಣದಲ್ಲಿ ಹರಡಿದ ಚೆರಿಗೆ ಮಾತ್ರ ಕಂಟಕ. ಗಾಳಿಗೆ ಸಿಲ್ವರ್ ಓಕ್ ಕೊಂಬೆ ತಂತಿಯ ಮೇಲೆ ಬಿದ್ದು ರಾತ್ರಿಯಿಡೀ ಕರೆಂಟ್ ಇರಲಿಲ್ಲ. ಯುಪಿಎಸ್ ಬ್ಯಾಟರಿ ಖಾಲಿಯಾಗಿ ಕಂಪ್ಯೂಟರ್ ಆರಿತು. ಬೆಳಿಗ್ಗೆ ಕರೆಂಟ್ ಬಂದ ಮೇಲೆ ಅದು ಎಂದಿನಂತೆ ತೆರೆದುಕೊಂಡಿತು, ಆದರೆ ವಿಂಡೋಸ್ ಮೆಷಿನ್ ಮಾತ್ರ ಏಳಲಿಲ್ಲ. ಕರ್ನಲ್ ಡ್ರೈವರ್ ಸ್ಥಾಪನೆಯಾಗಿಲ್ಲ, ದೋಷ ಸಂಖ್ಯೆ -1908, ರೂಟ್ (ಪೂರ್ಣ ನಿರ್ವಾಹಕ) ಅಧಿಕಾರದಿಂದ ವಿಬಾಕ್ಸ್‌ಕಾನ್ಫಿಗ್ (ಮಾಡ್ಯೂಲ್ ಕಂಪೈಲ್ ಮಾಡಿಸುವ ಆದೇಶ) ಓಡಿಸಿ ಎಂಬ ಸಂದೇಶ ಪರದೆಯ ಮೇಲೆ ನಿಂತಿತ್ತು. ಹೊರಗೆ ಮಳೆಗೆ ಹೆದರಿ ಒಣಗಿದ ಚೆರಿಯನ್ನು ಹೊತ್ತು ತಂದ ಜೀಪುಗಳು ಸಾಲುಗಟ್ಟಿದ್ದವು.

ಆ ಬೆಳಗಿನ ಅತ್ಯುತ್ತಮ ನಿರ್ಧಾರ ಅಕೌಂಟೆಂಟ್ ಅಕ್ಕನದು. ಹಳೆಯ ಕಾರ್ಬನ್ ಚೀಟಿ ಪುಸ್ತಕವನ್ನು ಬೀರುವಿನಿಂದ ತೆಗೆದು, ಕಂಪ್ಯೂಟರಿನ ಕೊನೆಯ ಚೀಟಿಯ ಸಂಖ್ಯೆಗೆ ಹೊಂದದ ಬೇರೆಯೇ ಸರಣಿಯ ಸಂಖ್ಯೆ ಹಾಕಿ, ಕೈಯಲ್ಲಿ ಬರೆಯಲು ಶುರುಮಾಡಿದರು. ಎರಡು ಲೆಕ್ಕಗಳು ಮುಂದೆ ಬೆರೆಯಬಾರದೆಂಬ ಎಚ್ಚರ ಅದು. ಯಾವ ತಾಂತ್ರಿಕ ದುರಸ್ತಿಗೂ ಈ ಬಗೆಯ ಉಸಿರಾಡುವ ಜಾಗ ಬೇಕು. ಅದಿಲ್ಲದಿದ್ದರೆ ದುರಸ್ತಿ ಮಾಡುವವರು ಒತ್ತಡದಲ್ಲಿ ಸಿಕ್ಕಿದ್ದನ್ನೆಲ್ಲ ಪ್ರಯೋಗಿಸುತ್ತಾರೆ.

ಮೊದಲು ಪ್ರಯತ್ನಿಸಿದ್ದು

ಸೋದರಳಿಯ ಫೋನಿನಲ್ಲಿ ಹೇಳುತ್ತಾ ಹೋದ, ಕಚೇರಿಯ ಸಹಾಯಕ ಮಾಡುತ್ತಾ ಹೋದ. ವಿಬಾಕ್ಸ್‌ಕಾನ್ಫಿಗ್ ಓಡಿಸಿದರು, ಸೋತಿತು. ಪೆನ್ ಡ್ರೈವಿನಲ್ಲಿದ್ದ ಅದೇ 7.0.6 ಅನ್ನು ತೆಗೆದು ಮತ್ತೆ ಹಾಕಿದರು, ಅದೇ ಫಲ. ಇದೇ ದೋಷ ಸಂಖ್ಯೆಯನ್ನು ಹುಡುಕಿದಾಗ ಸೆಕ್ಯೂರ್ ಬೂಟ್ ನಿಲ್ಲಿಸಿ ಎಂಬ ಸಲಹೆ ಸಿಕ್ಕಿತು. ಫರ್ಮ್‌ವೇರ್ ಪರದೆಗೆ ಹೋಗಿ ಅದನ್ನೂ ನಿಲ್ಲಿಸಿದರು. ಏನೂ ಬದಲಾಗಲಿಲ್ಲ.

ಸೆಕ್ಯೂರ್ ಬೂಟ್ ಸಲಹೆ ತಪ್ಪಲ್ಲ, ಆದರೆ ಬೇರೆ ಕಾಯಿಲೆಯ ಮದ್ದು. ಸೆಕ್ಯೂರ್ ಬೂಟ್ ಚಾಲೂ ಇದ್ದಾಗ ಸಹಿ ಇಲ್ಲದ ಮಾಡ್ಯೂಲ್ ಅನ್ನು ಕರ್ನಲ್ ಒಳಗೆ ಬಿಡುವುದಿಲ್ಲ. ಮಾಡ್ಯೂಲ್ ಸಿದ್ಧವಾಗಿದೆ, ಬಾಗಿಲಲ್ಲಿ ತಡೆಯಲಾಗಿದೆ. ಇಲ್ಲಿ ಮಾಡ್ಯೂಲ್ ಸಿದ್ಧವೇ ಆಗಿರಲಿಲ್ಲ. ಎರಡೂ ಸಂದರ್ಭಗಳಲ್ಲಿ ವರ್ಚುವಲ್‌ಬಾಕ್ಸ್‌ಗೆ ಕಾಣುವುದು ಒಂದೇ, ಡ್ರೈವರ್ ಇಲ್ಲ ಎಂಬುದು. ಹಾಗಾಗಿ ಸಂಖ್ಯೆಯೂ ಒಂದೇ. ಪರದೆಯ ಸಂಖ್ಯೆಯನ್ನು ಹಿಡಿದು ಹುಡುಕುವವರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ. 'ಮಾಡ್‌ಇನ್ಫೋ ವಿಬಾಕ್ಸ್‌ಡಿಆರ್‌ವಿ' ಎಂಬ ಒಂದೇ ಆದೇಶ ಇದನ್ನು ಬಿಡಿಸಿ ಹೇಳುತ್ತದೆ. ಮಾಡ್ಯೂಲ್ ಇದ್ದರೆ ವಿವರ ಬರುತ್ತದೆ, ಇಲ್ಲದಿದ್ದರೆ ಇಲ್ಲವೆನ್ನುತ್ತದೆ.

ಕೊನೆಗೆ ಬಂದ ಸಲಹೆ ಅಪಾಯಕಾರಿಯಾಗಿತ್ತು. ಇಡೀ ಲಿನಕ್ಸ್ ತೆಗೆದು ಹೊಸದಾಗಿ ಹಾಕಿಬಿಡೋಣ ಎಂದು ಯಾರೋ ಹೇಳಿದರು. "ನಮ್ಮ ಲೆಕ್ಕ ಅದರೊಳಗೇ ಇದೆ, ಅದನ್ನು ಮುಟ್ಟಬೇಡಿ" ಎಂದು ಅಕೌಂಟೆಂಟ್ ಅಕ್ಕ ಖಡಾಖಂಡಿತವಾಗಿ ನಿಲ್ಲಿಸಿದರು. ಆಮೇಲೆ ನನಗೆ ಕರೆ ಬಂತು. ಜಿಲ್ಲೆಯ ಸಣ್ಣ ಕಚೇರಿಗಳ ಲಿನಕ್ಸ್ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ.

ಮೊದಲ ತಿರುವು

ಹೋದ ಕೂಡಲೇ ಮಾಡಿದ ಕೆಲಸ ದುರಸ್ತಿಯಲ್ಲ, ಪ್ರತಿ ತೆಗೆಯುವುದು. ವಿಂಡೋಸ್ ಮೆಷಿನ್‌ನ ಡಿಸ್ಕ್ ಕಡತವನ್ನೂ ಅದರ ಹೊಂದಾಣಿಕೆ ಕಡತವನ್ನೂ ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿದೆ. ಅದು ಮುಗಿಯುವವರೆಗೆ ಯಾರೂ ಏನನ್ನೂ ಮುಟ್ಟಬಾರದೆಂದು ಕೇಳಿಕೊಂಡೆ. ನಕಲು ಆಗುತ್ತಿರುವಾಗ ಪ್ರಶ್ನೆ ಕೇಳುತ್ತಾ ಕುಳಿತೆ.

"ನಿನ್ನೆ ಸಂಜೆಯವರೆಗೂ ಸರಿಯಾಗಿಯೇ ಇತ್ತು. ನಾವು ಏನನ್ನೂ ಬದಲಾಯಿಸಿಲ್ಲ ಸರ್" ಎಂದರು ಅಕ್ಕ. ಈ ಮಾತು ಪೂರ್ತಿ ನಿಜ. ಇಡೀ ಪ್ರಕರಣದ ಕೀಲಿಯೂ ಅದರಲ್ಲೇ ಇತ್ತು.

'ಲಾಸ್ಟ್ ರೀಬೂಟ್' ಎಂಬ ಆದೇಶ ಕಂಪ್ಯೂಟರ್ ಯಾವಾಗ ಯಾವ ಕರ್ನಲ್‌ನೊಂದಿಗೆ ಶುರುವಾಯಿತೆಂದು ತೋರಿಸುತ್ತದೆ. ಹಿಂದಿನ ಬಾರಿ, ಕೊಯ್ಲು ಭರದಲ್ಲಿದ್ದಾಗ, 6.2 ಕರ್ನಲ್. ಈ ಬೆಳಿಗ್ಗೆ 6.5. ನಡುವೆ ಒಮ್ಮೆಯೂ ಯಂತ್ರ ಮರುಚಾಲನೆಯಾಗಿರಲಿಲ್ಲ, ಏಕೆಂದರೆ ಕೊಯ್ಲಿನ ಕಾಲದಲ್ಲಿ ಅದನ್ನು ಯಾರೂ ಆರಿಸುತ್ತಿರಲಿಲ್ಲ. ಉಬುಂಟುವಿನಲ್ಲಿ ತಂತ್ರಾಂಶಗಳನ್ನು ಸ್ಥಾಪಿಸುವ ಏಪಿಟಿಯ ಇತಿಹಾಸ ಕಡತ ತೆರೆದಾಗ ಉಳಿದದ್ದು ತಿಳಿಯಿತು. ತನ್ನಷ್ಟಕ್ಕೆ ನಡೆಯುವ ಭದ್ರತಾ ಪರಿಷ್ಕರಣೆ ವಾರಗಳ ಹಿಂದೆಯೇ 6.5 ಕರ್ನಲ್ ಅನ್ನು ತಂದು ಇಟ್ಟಿತ್ತು. ಅದು ಡಿಸ್ಕಿನ ಮೇಲೆ ಕಾದು ಕುಳಿತಿತ್ತು. ರಾತ್ರಿಯ ಕರೆಂಟ್ ಹೋಗಿ ಬಂದಾಗ ಅದರ ಸರದಿ ಬಂತು.

ಕಾರಣ ನಡೆದದ್ದು ಒಂದು ದಿನ, ಪರಿಣಾಮ ಕಂಡದ್ದು ಎಷ್ಟೋ ದಿನಗಳ ನಂತರ. ನಿನ್ನೆ ಏನು ಬದಲಾಯಿತು ಎಂದು ಕೇಳಿದರೆ ಉತ್ತರವೇ ಸಿಗುವುದಿಲ್ಲ. ಹಿಂದಿನ ಬೂಟ್ ಆದಮೇಲೆ ಏನೇನು ಬದಲಾಗಿದೆ ಎಂದು ಕೇಳಬೇಕು. ಮಳೆಯನ್ನೂ ಕರೆಂಟನ್ನೂ ದೂರುತ್ತಿದ್ದ ಮಾತು ಅಲ್ಲಿಗೆ ನಿಂತಿತು.

ಕಾರಣದ ಸುಳಿವು ಸಿಕ್ಕಿದ ಮೇಲೆ ಎರಡು ದಾರಿಗಳಿದ್ದವು. 6.5ರ ಮೇಲೆಯೇ ಕುಳಿತು ಕಂಪೈಲ್ ದೋಷವನ್ನು ಬಿಡಿಸುವುದು ಒಂದು. ಹಳೆಯ ಕರ್ನಲ್‌ಗೆ ಮರಳಿ ಮೊದಲು ಕಚೇರಿಯನ್ನು ನಡೆಸುವುದು ಇನ್ನೊಂದು. ಎರಡನೆಯದನ್ನೇ ಆರಿಸಿಕೊಂಡೆವು. ಉಬುಂಟು ಹಳೆಯ ಕರ್ನಲ್ ಅನ್ನು ಕೂಡಲೇ ಅಳಿಸುವುದಿಲ್ಲ. ಒಂದೇ ವ್ಯವಸ್ಥೆ ಇರುವ ಕಂಪ್ಯೂಟರಿನಲ್ಲಿ ಯಾವ ಕರ್ನಲ್‌ನಿಂದ ಶುರುಮಾಡಬೇಕೆಂದು ಆರಿಸುವ ಗ್ರಬ್ ಪಟ್ಟಿ ಅಡಗಿರುತ್ತದೆ. ಯುಇಎಫ್‌ಐ ಎಂಬ ಹೊಸ ಬಗೆಯ ಫರ್ಮ್‌ವೇರ್ ಇರುವ ಯಂತ್ರಗಳಲ್ಲಿ ಶುರುವಾಗುವಾಗ ಎಸ್ಕೇಪ್ ಒತ್ತಿದರೆ ತೆರೆದುಕೊಳ್ಳುತ್ತದೆ. ಮುಂದುವರಿದ ಆಯ್ಕೆಗಳಲ್ಲಿ 6.2 ಇತ್ತು. ಅದರಲ್ಲಿ ಬೂಟ್ ಮಾಡಿ ವಿಬಾಕ್ಸ್‌ಕಾನ್ಫಿಗ್ ಓಡಿಸಿದಾಗ ಮಾಡ್ಯೂಲ್ ತಕರಾರಿಲ್ಲದೆ ಕಂಪೈಲ್ ಆಯಿತು.

ಇದು ಕೆಲಸವನ್ನು ಉಳಿಸಿದ್ದಷ್ಟೇ ಅಲ್ಲ, ರೋಗವನ್ನೂ ಹೆಸರಿಸಿತು. ವರ್ಚುವಲ್‌ಬಾಕ್ಸ್ ಅದೇ, ಕಂಪೈಲರ್ ಅದೇ, ಕಂಪ್ಯೂಟರ್ ಅದೇ, ಬದಲಾದದ್ದು ಕರ್ನಲ್ ಒಂದೇ. ಯಂತ್ರಾಂಶ ಕೆಟ್ಟಿದೆ, ಡಿಸ್ಕ್ ಹಾಳಾಗಿದೆ, ಮಿಂಚು ಹೊಡೆದಿದೆ ಎಂಬ ಊಹೆಗಳೆಲ್ಲ ಒಂದೇ ಪ್ರಯೋಗದಲ್ಲಿ ಹೊರಗೆ ಬಿದ್ದವು.

ವಿಂಡೋಸ್ ತೆರೆದುಕೊಂಡಿತು. ಥಟ್ಟನೆ ಆರಿದ್ದರಿಂದ ಡಿಸ್ಕ್ ಪರೀಕ್ಷೆ ಕೇಳಿತು, ಆಗಲಿ ಎಂದೆವು. ಹಿಂದಿನ ಸಂಜೆಯ ಕೊನೆಯ ನಮೂದು ಮಾತ್ರ ಕಾಣೆಯಾಗಿತ್ತು. ಬೆಳೆಗಾರನಿಗೆ ಕೊಟ್ಟ ಚೀಟಿಯ ಪ್ರತಿ ನೋಡಿ ಅಕ್ಕ ಅದನ್ನು ತುಂಬಿದರು. ಮಧ್ಯಾಹ್ನದ ಊಟದ ನಂತರದ ಚೀಟಿಗಳು ಮತ್ತೆ ಪ್ರಿಂಟರಿನಿಂದಲೇ ಹೊರಬಂದವು.

ದೋಷದ ಒಳಗೆ

ಕಚೇರಿ ಮುಚ್ಚಿದ ಮೇಲೆ 6.5ಕ್ಕೆ ಮರಳಿ ಹೋದೆವು. ಸೋದರಳಿಯ ವಿಡಿಯೊ ಕರೆಯಲ್ಲಿದ್ದ. ವರ್ಚುವಲ್‌ಬಾಕ್ಸ್ ತನ್ನ ಕಂಪೈಲ್ ಪ್ರಯತ್ನದ ಪೂರ್ತಿ ವಿವರವನ್ನು ವಾರ್ ಲಾಗ್ ಕೋಶದ ವಿಬಾಕ್ಸ್-ಸೆಟಪ್ ಎಂಬ ಲಾಗ್ ಕಡತದಲ್ಲಿ ಬರೆದಿಡುತ್ತದೆ. ಬೆಳಿಗ್ಗೆ ಸಹಾಯಕ ಫೋಟೊ ತೆಗೆದು ಕಳಿಸಿದ್ದು ಅದರ ಕೊನೆಯ ಸಾಲುಗಳನ್ನು. ಮೇಕ್ (ಕಂಪೈಲ್ ಕೆಲಸ ನಡೆಸುವ ಉಪಕರಣ) ನಿಂತಿತು, ದೋಷ 2 ಎಂದಷ್ಟೇ ಅಲ್ಲಿತ್ತು. ಎಲ್ಲರೂ ಕಳಿಸುವುದು ಆ ಸಾಲನ್ನೇ, ಅದರಿಂದ ತಿಳಿಯುವುದು ಏನೂ ಇಲ್ಲ. ಒಳಗಿನ ಕೆಲಸ ಸೋತಿದ್ದಕ್ಕೆ ಹೊರಗಿನ ಮೇಕ್ ತಾನೂ ನಿಂತೆನೆಂದು ಹೇಳುವ ಸಾಲು ಅದು. ಮೇಲಿನಿಂದ ಓದುತ್ತಾ ಮೊದಲ ದೋಷವನ್ನು ಹುಡುಕಬೇಕು. ಅದರ ಮೇಲಿನ ಎಚ್ಚರಿಕೆಗಳನ್ನೂ ಬಿಡಬಾರದು.

ಇಲ್ಲಿ ಉತ್ತರವಿದ್ದುದು ಎಚ್ಚರಿಕೆಯಲ್ಲೇ. ಕರ್ನಲ್ ಅನ್ನು ಕಟ್ಟಿದ ಕಂಪೈಲರ್ ಬೇರೆ, ನೀವು ಬಳಸುತ್ತಿರುವುದು ಬೇರೆ ಎಂದು ಅದು ಸ್ಪಷ್ಟವಾಗಿ ಹೇಳಿತ್ತು. ಕರ್ನಲ್ ಕಟ್ಟಿದ್ದು ಜಿಸಿಸಿ 12, ಕಂಪ್ಯೂಟರಿನಲ್ಲಿದ್ದುದು ಜಿಸಿಸಿ 11. ಅದರ ಕೆಳಗೇ ಮೊದಲ ದೋಷ: '-ಎಫ್‌ಟ್ರಿವಿಯಲ್-ಆಟೋ-ವಾರ್-ಇನಿಟ್=ಜೀರೋ' ಎಂಬ ಆಯ್ಕೆ ನನಗೆ ಗೊತ್ತಿಲ್ಲ ಎಂದು ಕಂಪೈಲರ್ ಹೇಳುತ್ತಿತ್ತು.

ಈ ಆಯ್ಕೆ ಏಕೆ ಇದೆಯೆಂದು ತಿಳಿದರೆ ದೋಷದ ಭಯ ಹೋಗುತ್ತದೆ. ಒಂದು ಕಾರ್ಯ ಶುರುವಾದಾಗ ಅದರ ಸ್ಥಳೀಯ ಚರಗಳಿಗೆ ಸ್ಮೃತಿಯ ಸ್ಟ್ಯಾಕ್ ಎಂಬ ಭಾಗದಲ್ಲಿ ಜಾಗ ಸಿಗುತ್ತದೆ. ಆ ಜಾಗದಲ್ಲಿ ಹಿಂದಿನ ಕೆಲಸದ ಮೌಲ್ಯಗಳು ಉಳಿದಿರಬಹುದು. ಪ್ರೋಗ್ರಾಮರ್ ಮೌಲ್ಯ ತುಂಬಲು ಮರೆತರೆ ಕರ್ನಲ್‌ನ ಒಳಗುಟ್ಟು ಹೊರಗೆ ಸೋರುವ ದಾರಿ ತೆರೆಯುತ್ತದೆ. ಈ ಆಯ್ಕೆ ಕೊಟ್ಟರೆ ಕಂಪೈಲರೇ ಅಂಥ ಚರಗಳಿಗೆ ಸೊನ್ನೆ ತುಂಬುತ್ತದೆ. ಜಿಸಿಸಿಗೆ ಇದು ಬಂದದ್ದು 12ನೇ ಆವೃತ್ತಿಯಲ್ಲಿ, 2022ರಲ್ಲಿ. ಕರ್ನಲ್ ಕಟ್ಟುವಾಗ ಕಂಪೈಲರಿಗೆ ಏನೇನು ಬರುತ್ತದೆಂದು ಪರೀಕ್ಷಿಸಿ, ಅದನ್ನು ಹೊಂದಾಣಿಕೆಯಲ್ಲಿ ದಾಖಲಿಸಲಾಗುತ್ತದೆ. ಆ ದಾಖಲೆ ಹೆಡರ್ ಕಡತಗಳ ಜೊತೆಗೆ ನಮ್ಮ ಮನೆಗೂ ಬರುತ್ತದೆ. ಉಬುಂಟು 22.04ಕ್ಕೆ ಬಂದ 6.2 ಕರ್ನಲ್ ಜಿಸಿಸಿ 11ರಿಂದ ಕಟ್ಟಿದ್ದು, 6.5 ಜಿಸಿಸಿ 12ರಿಂದ. ಹಾಗಾಗಿ 6.5ರ ಹೆಡರ್‌ಗಳು ನಮ್ಮ ಹಳೆಯ ಕಂಪೈಲರಿಗೆ ಅದು ಕಲಿತೇ ಇಲ್ಲದ ಆಜ್ಞೆಯನ್ನು ಕೊಡುತ್ತಿದ್ದವು.

ಗಮನಿಸಬೇಕಾದದ್ದು, ಇಲ್ಲಿಯವರೆಗೆ ವರ್ಚುವಲ್‌ಬಾಕ್ಸ್‌ನ ಮೂಲ ಸಂಕೇತದ ಒಂದು ಸಾಲನ್ನೂ ಕಂಪೈಲರ್ ಓದಿರಲಿಲ್ಲ. ಅದನ್ನು ತೆಗೆದು ಮತ್ತೆ ಹಾಕಿದ್ದರಿಂದ ಪ್ರಯೋಜನವಾಗದಿದ್ದುದು ಸಹಜ.

ಜಿಸಿಸಿ 12 ಉಬುಂಟುವಿನ ಭಂಡಾರದಲ್ಲೇ ಇದೆ. ಮೊಬೈಲ್ ಹಾಟ್‌ಸ್ಪಾಟ್ ಹಿಡಿದು, ಸಿಗ್ನಲ್ ಸಿಗುವ ಕಿಟಕಿಯ ಬಳಿ ಇಟ್ಟು ಇಳಿಸಿಕೊಂಡೆವು. ಹಳೆಯ ಕಂಪೈಲರಿನ ಕೊಂಡಿಯನ್ನು ಬಲವಂತವಾಗಿ ಹೊಸದಕ್ಕೆ ತಿರುಗಿಸುವ ಸಲಹೆ ಅಲ್ಲಲ್ಲಿ ಸಿಗುತ್ತದೆ. ಅದರ ಬದಲು ಅಪ್‌ಡೇಟ್-ಆಲ್ಟರ್ನೇಟಿವ್ಸ್ ಮೂಲಕ 11 ಮತ್ತು 12 ಎರಡನ್ನೂ ದಾಖಲಿಸಿ 12ನ್ನು ಆರಿಸಿದೆವು. ಹೀಗೆ ಮಾಡಿದರೆ ಹಿಂದಿರುಗುವ ದಾರಿ ತೆರೆದಿರುತ್ತದೆ. ಆ ದಾರಿ ಮುಂದೆ ಬೇಕಾಯಿತು ಕೂಡ.

ಎರಡನೆಯ ದೋಷ, ನಿಜವಾದ ನಿರ್ಧಾರ

ಮತ್ತೆ ಓಡಿಸಿದಾಗ ಕಂಪೈಲ್ ಮುಂದೆ ಸಾಗಿತು, ಆಮೇಲೆ ಬೇರೆಯೇ ಜಾಗದಲ್ಲಿ ನಿಂತಿತು. ಸೋದರಳಿಯನಿಗೆ ನಿರಾಸೆಯಾಯಿತು. ನನಗೆ ಸಮಾಧಾನವಾಯಿತು, ಏಕೆಂದರೆ ದೋಷ ಬೇರೆಯಾಗಿದೆಯೆಂದರೆ ಮೊದಲನೆಯದು ಬಿಡಿಸಿದೆಯೆಂದೇ ಅರ್ಥ. ಈ ಬಾರಿ ಸ್ಮೃತಿ ನಿರ್ವಹಣೆಯ ಕಡತದಲ್ಲಿ, ಓದಲು ಮಾತ್ರ ಅವಕಾಶವಿರುವ 'ವಿಎಂ-ಫ್ಲ್ಯಾಗ್ಸ್' ಎಂಬ ಸದಸ್ಯಕ್ಕೆ ಮೌಲ್ಯ ಕೊಡಲಾಗಿದೆ ಎಂಬ ದೋಷ. ಇದು ಕಂಪೈಲರಿನ ತಕರಾರಲ್ಲ, ಕರ್ನಲ್‌ನ ಒಳರೂಪ ಬದಲಾದದ್ದರ ಗುರುತು.

ಲಿನಕ್ಸ್‌ನಲ್ಲಿ ಪ್ರತಿ ಪ್ರಕ್ರಿಯೆಯ ಸ್ಮೃತಿ ಪ್ರದೇಶಕ್ಕೂ ಒಂದು ವಿವರಣೆ ಇರುತ್ತದೆ. ಅದರ ಗುಣಗಳನ್ನು ವಿಎಂ-ಫ್ಲ್ಯಾಗ್ಸ್ ಹೇಳುತ್ತದೆ. 6.2ರವರೆಗೆ ಯಾವ ಮಾಡ್ಯೂಲ್ ಬೇಕಾದರೂ ಅದನ್ನು ನೇರವಾಗಿ ತಿದ್ದಬಹುದಿತ್ತು. 6.3ರಲ್ಲಿ ಅದನ್ನು ಮುಚ್ಚಿ, ತಿದ್ದಬೇಕಾದವರು 'ವಿಎಂ-ಫ್ಲ್ಯಾಗ್ಸ್-ಸೆಟ್' ಎಂಬಂಥ ಕಾರ್ಯಗಳ ಮೂಲಕವೇ ಬರಬೇಕೆಂದು ಮಾಡಿದರು. ಒಂದೇ ಹೊತ್ತಿಗೆ ಇಬ್ಬರು ತಿದ್ದದಂತೆ ತಡೆಯುವ ಸ್ಮೃತಿಯ ಬೀಗಗಳನ್ನು ಪ್ರದೇಶಕ್ಕೊಂದರಂತೆ ವಿಂಗಡಿಸುವ ದೊಡ್ಡ ಬದಲಾವಣೆಗೆ ಅದು ಸಿದ್ಧತೆಯಾಗಿತ್ತು. ಬೀಗ ಹಿಡಿಯದೆ ಯಾರೂ ಗುಣ ಬದಲಿಸಬಾರದು, ಬದಲಿಸಿದರೆ ಗೊತ್ತಾಗಬೇಕು ಎಂಬುದು ಉದ್ದೇಶ. 2023ರ ಜನವರಿಯಲ್ಲಿ ಬಂದ ವರ್ಚುವಲ್‌ಬಾಕ್ಸ್ 7.0.6ಕ್ಕೆ ಈ ಹೊಸ ಏರ್ಪಾಡು ತಿಳಿದಿರಲಿಲ್ಲ.

ಇಲ್ಲಿ ನಮ್ಮಿಬ್ಬರ ನಡುವೆ ನಿಜವಾದ ಚರ್ಚೆ ನಡೆಯಿತು. ಸೋದರಳಿಯ ಒಂದು ತೇಪೆ ಹುಡುಕಿ ಕಳಿಸಿದ. ಹಳೆಯ ಸಾಲುಗಳನ್ನು ತೆಗೆದು ಹೊಸ ಕಾರ್ಯದ ಕರೆ ಹಾಕಿದರೆ ಸಾಕು, ಕೆಲವೇ ಸಾಲುಗಳು. ಅವನ ವಾದದಲ್ಲಿ ಹುರುಳಿತ್ತು. ಕೂಡಲೇ ಕಂಪೈಲ್ ಆಗುತ್ತದೆ, ಬೇರೇನನ್ನೂ ಬದಲಾಯಿಸಬೇಕಿಲ್ಲ.

ನಾನು ಒಪ್ಪಲಿಲ್ಲ. ಕಂಪೈಲ್ ಆಗುವುದು ಬೇರೆ, ಸರಿಯಾಗಿರುವುದು ಬೇರೆ. ಹೊಸ ಕಾರ್ಯ ಬೀಗ ಹಿಡಿದಿದ್ದಾರೆಂದು ನಂಬಿ ನಡೆಯುತ್ತದೆ. ಕರೆಯುವ ಜಾಗದಲ್ಲಿ ಆ ಬೀಗ ನಿಜವಾಗಿ ಹಿಡಿದಿದೆಯೇ ಎಂಬುದನ್ನು ಕಂಪೈಲರ್ ನೋಡುವುದಿಲ್ಲ. ಮೂಲ ಬರೆದವರು ಮಾತ್ರ ಅದನ್ನು ಪೂರ್ತಿ ಪರಿಶೀಲಿಸಬಲ್ಲರು. ಸಾಮಾನ್ಯ ಕಾರ್ಯಕ್ರಮದಲ್ಲಿ ಇಂಥ ತಪ್ಪಾದರೆ ಆ ಕಾರ್ಯಕ್ರಮ ಬೀಳುತ್ತದೆ. ಕರ್ನಲ್ ಮಾಡ್ಯೂಲ್‌ನಲ್ಲಿ ಆದರೆ ಇಡೀ ಯಂತ್ರವೇ ಬೀಳಬಹುದು, ಅದಕ್ಕಿಂತ ಕೆಟ್ಟದ್ದೆಂದರೆ ಬೀಳದೆ ಸ್ಮೃತಿಯನ್ನು ಕೆಡಿಸಬಹುದು. ಬೆಳೆಗಾರರ ತೂಕ, ದರ ಇರುವ ಕಂಪ್ಯೂಟರಿನಲ್ಲಿ ಅಂಥ ಸಾಧ್ಯತೆಯನ್ನು ಬಿಡಲು ನನಗೆ ಮನಸ್ಸಾಗಲಿಲ್ಲ. ಕಲಿಯಲು ಇಟ್ಟುಕೊಂಡ ಸ್ವಂತ ಲ್ಯಾಪ್‌ಟಾಪ್ ಆಗಿದ್ದರೆ ನಾನೇ ಸಂತೋಷದಿಂದ ತೇಪೆ ಹಾಕುತ್ತಿದ್ದೆ.

ವರ್ಚುವಲ್‌ಬಾಕ್ಸ್ 7.0.14 ಆಗಲೇ ಬಂದಿತ್ತು, 6.5 ಕರ್ನಲ್‌ಗೆ ಹೊಂದುತ್ತಿತ್ತು. ಅದನ್ನು ಹಾಕುವ ಮೊದಲು ಒಂದು ವಿಷಯ ನೋಡಿಕೊಂಡೆವು. ವಿಂಡೋಸ್ ಮೆಷಿನ್ ಸ್ಥಿತಿ ಉಳಿಸಿ ನಿಂತಿದ್ದರೆ, ಆವೃತ್ತಿ ಬದಲಾದ ಮೇಲೆ ಆ ಉಳಿಸಿದ ಸ್ಥಿತಿ ತೆರೆಯದೆ ಹೋಗಬಹುದು. ಸಂಜೆ 6.2ರಲ್ಲಿರುವಾಗಲೇ ವಿಂಡೋಸ್ ಅನ್ನು ಪೂರ್ತಿಯಾಗಿ ಶಟ್‌ಡೌನ್ ಮಾಡಿಸಿದ್ದೆವು. ಆಮೇಲೆ 7.0.14 ಹಾಕಿದಾಗ ಜಿಸಿಸಿ 12ರೊಂದಿಗೆ 6.5ರ ಮೇಲೆ ಮಾಡ್ಯೂಲ್‌ಗಳೆಲ್ಲ ಕಂಪೈಲ್ ಆದವು. ಬೆಳಿಗ್ಗೆ ನಿಲ್ಲಿಸಿದ್ದ ಸೆಕ್ಯೂರ್ ಬೂಟ್ ಹಾಗೇ ಇದ್ದುದರಿಂದ ಮಾಡ್ಯೂಲ್ ಸಲೀಸಾಗಿ ಒಳಗೆ ಹೋಯಿತು. ಅದನ್ನು ಹಾಗೇ ಬಿಡುವುದು ಸರಿಯೆನಿಸಲಿಲ್ಲ. ಮತ್ತೆ ಚಾಲೂ ಮಾಡಿ, ಮೊದಲೇ ಆ ಯಂತ್ರದಲ್ಲಿ ನೋಂದಾಯಿಸಿದ್ದ ಮಾಲೀಕರ ಕೀಲಿಯಿಂದ ಮಾಡ್ಯೂಲ್‌ಗಳಿಗೆ ಸಹಿ ಹಾಕಿ ನೋಡಿದೆವು. ಆಗಲೂ ವಿಂಡೋಸ್ ಎದ್ದಿತು. ತಕ್ಕಡಿ ಓದಿತು, ಪ್ರಿಂಟರ್ ಮುದ್ರಿಸಿತು.

ಯಾವ ಕರ್ನಲ್ ಹಿಡಿಯಬೇಕು

ದೋಷ ಬಿಡಿಸಿದ್ದರಿಂದ ಪ್ರಕರಣ ಮುಗಿಯಲಿಲ್ಲ. ಮುಂದಿನ ಕರ್ನಲ್ ಬಂದಾಗ ಇದೇ ಕಥೆ ಮರುಕಳಿಸದಂತೆ ಮಾಡುವುದು ಹೇಗೆ? ನನ್ನ ಮಟ್ಟಿಗೆ ಈ ಪ್ರಕರಣದ ಅತಿ ಮುಖ್ಯ ಭಾಗ ಇದು, ಬಹುತೇಕ ದುರಸ್ತಿ ಕಥೆಗಳು ಇಲ್ಲಿಗೆ ಬರುವ ಮೊದಲೇ ಮುಗಿದುಬಿಡುತ್ತವೆ.

ಕರ್ನಲ್ ಅನ್ನು ಹಿಡಿದು ನಿಲ್ಲಿಸಿಬಿಡೋಣ, ಪರಿಷ್ಕರಣೆಯೇ ಬೇಡ ಎಂದ ಸೋದರಳಿಯ. ಏಪಿಟಿಯ ಹೋಲ್ಡ್ ಆದೇಶದಿಂದ ಅದು ಸುಲಭ. ಆದರೆ ಹಾಗೆ ಮಾಡಿದರೆ ಭದ್ರತಾ ಸರಿಪಡಿಕೆಗಳೂ ನಿಲ್ಲುತ್ತವೆ. ವಿಂಡೋಸ್ 7 ಅನ್ನು ಬೇಲಿಯೊಳಗೆ ಇಟ್ಟದ್ದೇ ಭದ್ರತೆಗಾಗಿ, ಬೇಲಿಯನ್ನೇ ಕೊಳೆಯಲು ಬಿಟ್ಟರೆ ಮೊದಲಿನ ಏರ್ಪಾಡಿಗೆ ಅರ್ಥವಿಲ್ಲ.

ಉಬುಂಟುವಿನ ದೀರ್ಘಾವಧಿ ಆವೃತ್ತಿಗಳಲ್ಲಿ ಕರ್ನಲ್‌ಗೆ ಎರಡು ಹಾದಿಗಳಿವೆ, ಬಳಕೆದಾರರಲ್ಲಿ ಅನೇಕರು ಇದನ್ನು ಗಮನಿಸಿರುವುದಿಲ್ಲ. ಒಂದು, ಬಿಡುಗಡೆಯ ದಿನ ಬಂದ ಕರ್ನಲ್‌ನಲ್ಲೇ ಇರುವುದು. 22.04ಕ್ಕೆ ಅದು 5.15. ಅದಕ್ಕೆ ಭದ್ರತಾ ಸರಿಪಡಿಕೆಗಳು 2027ರವರೆಗೆ ಬರುತ್ತವೆ, ಆದರೆ ಮುಖ್ಯ ಸಂಖ್ಯೆ ಜಿಗಿಯುವುದಿಲ್ಲ. ಎಚ್‌ಡಬ್ಲ್ಯೂಇ ಎಂಬ ಇನ್ನೊಂದು ಹಾದಿ ಹೊಸ ಯಂತ್ರಾಂಶಕ್ಕೆ ನೆರವಾಗಲು ಕಾಲಕಾಲಕ್ಕೆ ಹೊಸ ಕರ್ನಲ್‌ಗೆ ಜಿಗಿಯುತ್ತದೆ. 22.04ರಲ್ಲಿ ಅದು 5.19, 6.2, 6.5, 6.8 ಎಂದು ಸಾಗಿತು. ಡೆಸ್ಕ್‌ಟಾಪ್ ಸ್ಥಾಪನೆಯಲ್ಲಿ ಸಾಮಾನ್ಯವಾಗಿ ಸಿಗುವುದು ಈ ಎರಡನೆಯದೇ. ಹೊರಗಿನ ಮಾಡ್ಯೂಲ್ ನಂಬಿದ ಯಂತ್ರಕ್ಕೆ ಪ್ರತಿ ಜಿಗಿತವೂ ಒಂದು ಪರೀಕ್ಷೆ.

ಆ ಕಂಪ್ಯೂಟರಿನಲ್ಲಿ 5.15ಕ್ಕೆ ಅರ್ಥವಾಗದ ಹೊಸ ಭಾಗ ಯಾವುದೂ ಇರಲಿಲ್ಲ. ಲೈವ್ ಪೆನ್ ಡ್ರೈವಿನಿಂದ ಪರೀಕ್ಷಿಸಿ ಜಾಲ, ಪರದೆ, ಯುಎಸ್‌ಬಿ ಎಲ್ಲ ಸರಿಯಿವೆಯೆಂದು ಖಚಿತಪಡಿಸಿಕೊಂಡು, ಎಚ್‌ಡಬ್ಲ್ಯೂಇ ಪ್ಯಾಕೇಜ್ ತೆಗೆದು ಸಾಮಾನ್ಯ ಕರ್ನಲ್ ಪ್ಯಾಕೇಜ್ ಹಾಕಿದೆವು. 5.15 ಜಿಸಿಸಿ 11ರಿಂದ ಕಟ್ಟಿದ್ದಾದ್ದರಿಂದ ಕಂಪೈಲರನ್ನೂ 11ಕ್ಕೆ ಹಿಂತಿರುಗಿಸಿದೆವು. 7.0.14 ಅದರ ಮೇಲೂ ಕಂಪೈಲ್ ಆಯಿತು. 6.5 ಅನ್ನು ಸ್ವಲ್ಪ ಕಾಲ ಪಕ್ಕಕ್ಕೆ ಉಳಿಸಿಕೊಂಡೆವು.

ಜೊತೆಗೆ ಒಂದು ಸಣ್ಣ ಕಾವಲು ಇಟ್ಟೆವು. ದಿನಕ್ಕೊಮ್ಮೆ ಓಡುವ ಸ್ಕ್ರಿಪ್ಟ್, ಸ್ಥಾಪಿತವಾಗಿರುವ ಅತಿ ಹೊಸ ಕರ್ನಲ್‌ಗೆ ವಿಬಾಕ್ಸ್‌ಡಿಆರ್‌ವಿ ಸಿದ್ಧವಿದೆಯೇ ಎಂದು ಮಾಡ್‌ಇನ್ಫೋ ಮೂಲಕ ಕೇಳುತ್ತದೆ. ಇಲ್ಲದಿದ್ದರೆ 'ಹೊಸ ಕರ್ನಲ್ ಬಂದಿದೆ, ಮಾಡ್ಯೂಲ್ ಇಲ್ಲ, ಕಂಪ್ಯೂಟರ್ ಆರಿಸುವ ಮೊದಲು ಕರೆ ಮಾಡಿ' ಎಂದು ಕನ್ನಡದಲ್ಲಿ ಪರದೆಯ ಮೇಲೆ ತೋರಿಸುತ್ತದೆ. ಕಾರಣಕ್ಕೂ ಪರಿಣಾಮಕ್ಕೂ ನಡುವೆ ಇದ್ದ ಆ ವಾರಗಳ ಅಂತರವನ್ನು ಈಗ ಒಂದು ದಿನಕ್ಕೆ ಇಳಿಸಿದ್ದೇವೆ. ಯುಪಿಎಸ್ ಬ್ಯಾಟರಿ ಇಳಿದಾಗ ಮೆಷಿನ್ ತಾನೇ ಶಟ್‌ಡೌನ್ ಆಗುವಂತೆ ಮಾಡುವ ಕೆಲಸವನ್ನೂ ಸಹಾಯಕ ಆಮೇಲೆ ಮುಗಿಸಿದ.

ಕೆವಿಎಂ ಕುರಿತು

ವರ್ಚುವಲ್‌ಬಾಕ್ಸ್‌ಗೆ ಬದಲಾಗಿ ವರ್ಚುವಲ್ ಮೆಷಿನ್ ನಡೆಸಬಲ್ಲ ಕೆವಿಎಂ 2007ರಲ್ಲಿ, 2.6.20 ಆವೃತ್ತಿಯಿಂದ, ಲಿನಕ್ಸ್ ಕರ್ನಲ್‌ನ ಭಾಗವೇ ಆಗಿದೆ. ಕರ್ನಲ್ ಒಳರೂಪ ಬದಲಿಸಿದವರೇ ಅದನ್ನೂ ತಿದ್ದುತ್ತಾರೆ, ಆದ್ದರಿಂದ ಈ ಬಗೆಯ ಕಂಪೈಲ್ ದೋಷ ಅಲ್ಲಿ ಬಳಕೆದಾರನ ಪಾಲಿಗೆ ಬರುವುದೇ ಇಲ್ಲ. ವರ್ಚುವಲ್‌ಬಾಕ್ಸ್ ಬಳಸುವವರು ತಿಳಿದಿರಬೇಕಾದ ಇನ್ನೊಂದು ಸಂಗತಿಯೂ ಇದೆ. 6.12 ಕರ್ನಲ್‌ನಿಂದ ಕೆವಿಎಂ ಮಾಡ್ಯೂಲ್ ಒಳಗೆ ಬಂದ ಕೂಡಲೇ ಪ್ರೊಸೆಸರಿನ ವರ್ಚುವಲೀಕರಣ ಸೌಲಭ್ಯವನ್ನು ತಾನು ಹಿಡಿದುಕೊಳ್ಳುತ್ತದೆ. ಆಗ ವರ್ಚುವಲ್‌ಬಾಕ್ಸ್ ಮಾಡ್ಯೂಲ್ ಸರಿಯಾಗಿ ಕಂಪೈಲ್ ಆಗಿದ್ದರೂ ಮೆಷಿನ್ ಏಳದೆ ಹೋಗಬಹುದು. ಆಗ ಕೆವಿಎಂ ಮಾಡ್ಯೂಲ್ ಅನ್ನು ಕರ್ನಲ್‌ನಿಂದ ಹೊರಗೆ ತೆಗೆಯಬೇಕು, ಇಲ್ಲವೇ ಬೂಟ್ ಸಾಲಿನಲ್ಲಿ ಕೆವಿಎಂನ 'ಎನೇಬಲ್-ವರ್ಟ್-ಅಟ್-ಲೋಡ್' ಆಯ್ಕೆಗೆ ಸೊನ್ನೆ ಕೊಡಬೇಕು. ಅದನ್ನು ಕಂಪೈಲ್ ದೋಷವೆಂದು ತಿಳಿದು ಲಾಗ್ ಕಡತದಲ್ಲಿ ಹುಡುಕುತ್ತಾ ಕುಳಿತರೆ ಏನೂ ಸಿಗದು.

ಕೊಯ್ಲಿನ ನಡುವೆ ಕೆವಿಎಂಗೆ ಹೋಗುವುದು ಬೇಡವೆಂದು ಮೂವರೂ ಒಪ್ಪಿದೆವು. ಮುಂಗಾರಿನಲ್ಲಿ, ಖರೀದಿ ತಗ್ಗಿದ್ದಾಗ, ಡಿಸ್ಕ್ ಕಡತದ ನಕಲನ್ನು ಕ್ಯೂಇಎಂಯು-ಐಎಂಜಿ ಉಪಕರಣದಿಂದ ಕೆವಿಎಂ ಜೊತೆ ಬಳಸುವ ಕ್ಯೂಕೌ2 ರೂಪಕ್ಕೆ ತಿರುಗಿಸಿ ಬೇರೆ ಯಂತ್ರದಲ್ಲಿ ಪ್ರಯತ್ನಿಸಿದೆವು. ವಿಂಡೋಸ್‌ನಲ್ಲಿ ವರ್ಟ್‌ಐಒ (ವರ್ಚುವಲ್ ಮೆಷಿನ್‌ಗೆಂದೇ ಇರುವ ಸಾಧನಗಳ ಬಗೆ) ಡ್ರೈವರ್ ಇಲ್ಲದಿರುವಾಗ ಡಿಸ್ಕ್ ಅನ್ನು ವರ್ಟ್‌ಐಒ ಆಗಿ ತೋರಿಸಿದರೆ ನೀಲಿ ಪರದೆ ಬರುತ್ತದೆ. ಹಾಗಾಗಿ ಮೊದಲು ಸಾಮಾನ್ಯ ಸಾಟಾ ಡಿಸ್ಕ್ ಎಂದೇ ತೋರಿಸಿ ಎಬ್ಬಿಸಿದೆವು. ತಂತ್ರಾಂಶ ನಡೆಯಿತು, ತಕ್ಕಡಿ ಸಿಕ್ಕಿತು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಮಾತ್ರ ಉದ್ದದ ಚೀಟಿಗಳ ನಡುವೆ ಕೆಲವೊಮ್ಮೆ ನಿಂತುಬಿಡುತ್ತಿತ್ತು. ಅದು ಸರಿಹೋಗುವವರೆಗೆ ಬದಲಾವಣೆ ಬೇಡವೆಂದು ಅಕೌಂಟೆಂಟ್ ಅಕ್ಕ ಹೇಳಿದ್ದಾರೆ. ಅಲ್ಲಿಯವರೆಗೆ ಕಚೇರಿ 5.15 ಕರ್ನಲ್ ಮತ್ತು ವರ್ಚುವಲ್‌ಬಾಕ್ಸ್‌ನಲ್ಲೇ ನಡೆಯುತ್ತದೆ. ಪ್ರಿಂಟರಿನ ಯುಎಸ್‌ಬಿ ಸಂಪರ್ಕವನ್ನು ಬೇರೆ ನಿಯಂತ್ರಕಕ್ಕೆ ಬದಲಿಸಿ ಮತ್ತೆ ಪರೀಕ್ಷಿಸುವುದು ಮುಂದಿನ ಕೆಲಸ.